ಮಿಂದ ಮರಿ, ಮುನಿದ ಕುರಿ

ನನಗೆ ತೊಳೆಯುವ ಚಟವಿದೆ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಮೊಬೈಲು, ನನಗೆ ನೀರು ಮತ್ತು ಸೋಪು. ಕೊತ್ತಂಬರಿ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತೇನೆ. ಅಷ್ಟು ಹೊತ್ತಿಗೆ ಅದರ ಘಮವೆಲ್ಲ ಚರಂಡಿ ಸೇರಿ, ಸಾರಿಗೆ ಬರೀ ಹಸಿರು ಬಣ್ಣ ಉಳಿದಿರುತ್ತದೆ ಎಂದು ಮನೆಯವರ ದೂರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅಲ್ಲಿಯೂ ಅಟೆಂಡರ್ ತೊಳೆದಿಟ್ಟ ಗಾಜಿನ ನಳಿಕೆಗಳನ್ನು ಆತ ಅತ್ತ ಹೋದ ಮೇಲೆ ಇನ್ನೊಮ್ಮೆ ತೊಳೆದಿಡುತ್ತೇನೆ. ಆತನಿಗೆ ಇದು ಗೊತ್ತು. ಹಾಗಾಗಿ ಈಚೆಗೆ ಆತ ತೊಳೆಯುವುದನ್ನೇ ಬಿಟ್ಟಿದ್ದಾನೆ ಎಂದು ನನ್ನ ಗುಮಾನಿ.

ಈ ಚಟದಿಂದ ನನಗೆ ಜೀವನದಲ್ಲಿ ಎರಡು ಸಲ ಶಿಕ್ಷೆಯಾಗಿದೆ. ಎರಡು ಸಲವೂ ತೀರ್ಪು ಕೊಟ್ಟವರು ನಮ್ಮ ಅತ್ತೆ.

ಮೊದಲನೆಯದು ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಡೆದದ್ದು. ನಮ್ಮದು ದಿಬ್ಬೂರಹಳ್ಳಿ ಕಡೆಯ ಒಂದು ಸಣ್ಣ ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಸಾಕುವ ಹುಳು ಮನೆ, ಅದರಿಂದ ನಾಲ್ಕು ಮಾರು ದೂರದಲ್ಲಿ ಕೊಟ್ಟಿಗೆ. ತೋಟ ಮತ್ತು ಹುಳು ನಮ್ಮ ಯಜಮಾನರ ಕೈಲಿ, ಕೊಟ್ಟಿಗೆ ಅತ್ತೆಯ ಕೈಲಿ. ಪಕ್ಕದ ಮನೆಯ ರತ್ನಮ್ಮನ ಹಸು ಕರು ಹಾಕಿತ್ತು. ಪದ್ಧತಿಯಂತೆ ಆಕೆ ಒಂದು ಹಿತ್ತಾಳೆ ಚೊಂಬಿನಲ್ಲಿ ಗಿಣ್ಣು ಹಾಲು ತಂದುಕೊಟ್ಟಳು, ದೃಷ್ಟಿಯಾಗದಿರಲೆಂದು ಮೇಲೊಂದು ಒಣಮೆಣಸಿನಕಾಯಿ. ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಕಾಯಿಸಿ ತಿಂದೆವು. ಹೊಸ ಸೊಸೆ ನಾನು, ಒಳ್ಳೆ ಹೆಸರು ತೆಗೆದುಕೊಳ್ಳುವ ಆತುರ. ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಮುಖ ಕಾಣುವಂತೆ ತೊಳೆದು, ಬೊಟ್ಟಿಟ್ಟು ವಾಪಸು ಕೊಟ್ಟು ಬಂದೆ.

ಗಿಣ್ಣು ಬಂದ ಪಾತ್ರೆಯನ್ನು ತೊಳೆಯಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಬಂದ ಹಾಗೇ ಕೊಡಬೇಕಂತೆ. ತೊಳೆದರೆ ಹಸುವಿನ ಹಾಲೂ ತೊಳೆದು ಹೋಗುತ್ತದಂತೆ. ನಾಲ್ಕನೆಯ ದಿನಕ್ಕೆ ರತ್ನಮ್ಮನ ಹಸು ಹಾಲು ಕಡಿಮೆ ಮಾಡಿತು. ರತ್ನಮ್ಮ ಒಂದು ವಾರ ಗೊಣಗಿ ಮರೆತಳು. ಅತ್ತೆ ಮರೆಯಲಿಲ್ಲ.

“ನೀನು ಸ್ಕೂಲು ನೋಡ್ಕಮ್ಮ. ಕೊಟ್ಟಿಗೆ ನಾನು ನೋಡ್ಕಂತೀನಿ,” ಎಂದರು. ಕೋಪದ ದನಿಯಲ್ಲ, ತೀರ್ಮಾನದ ದನಿ. ಅಂದಿನಿಂದ ಹದಿನೆಂಟು ವರ್ಷ ಆ ಮಾತು ನಡೆಯಿತು. ಸಗಣಿ ಬಾಚಲು ನಾನು ಆಗುತ್ತೇನೆ, ಮೇವು ಹಾಕಲು ಆಗುತ್ತೇನೆ. ಆದರೆ ಹಸು ಈಯುವಾಗ, ಕುರಿ ಮರಿ ಹಾಕುವಾಗ ನಾನು ಕೊಟ್ಟಿಗೆಯ ಹೊಸಿಲು ದಾಟುವಂತಿಲ್ಲ. ನನಗೆ ಕೊಟ್ಟಿದ್ದು ಬಿಸಿನೀರು ಇಲಾಖೆ. ಒಲೆಯ ಮೇಲೆ ಹಂಡೆಯಿಟ್ಟು ಕಾಯಿಸುವುದು, ಬಕೆಟ್ಟಿಗೆ ತುಂಬಿ ಬಾಗಿಲವರೆಗೆ ತಂದಿಡುವುದು, ವಾಪಸು ಹೋಗುವುದು. ಒಳಗೆ ಏನಾಗುತ್ತಿದೆ ಎಂದು ಅತ್ತೆಯ ದನಿಯಿಂದ ಊಹಿಸಿಕೊಳ್ಳುತ್ತಿದ್ದೆ. ಎಂಟನೇ ತರಗತಿಗೆ ಪ್ರಾಣಿಗಳ ಸಂತಾನೋತ್ಪತ್ತಿ ಪಾಠವನ್ನು ಚಿತ್ರ ಬರೆದು, ಭಾಗ ಗುರುತಿಸಿ ವರ್ಷವರ್ಷವೂ ಹೇಳಿಕೊಡುವವಳು ನಾನು; ನಮ್ಮ ಮನೆಯ ಕುರಿ ಮರಿ ಹಾಕಿದ್ದನ್ನು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಅದರ ಬೇಸರ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸಂಕ್ರಾಂತಿ ಕಳೆದು ಅವರೆಕಾಯಿ ಸೊಗಡು ತಗ್ಗುವ ಹೊತ್ತು ನಮ್ಮ ಕೊಟ್ಟಿಗೆಗೆ ತುಂಬು ಕಾಲ. ಚಿಂತಾಮಣಿ ಸಂತೆಯಿಂದ ತಂದ ಐದು ಕುರಿಗಳಲ್ಲಿ ಮೂರಾದರೂ ಆಗ ಗಬ್ಬವಾಗಿರುತ್ತವೆ. ಎರಡು ಸೀಮೆ ಹಸುಗಳಲ್ಲಿ ಒಂದು ದಿನ ತುಂಬಿ ನಿಂತಿರುತ್ತದೆ. ಆ ದಿನಗಳಲ್ಲಿ ಮನೆಯಲ್ಲಿ ಮನುಷ್ಯರ ಆರೋಗ್ಯವನ್ನು ಯಾರೂ ವಿಚಾರಿಸುವುದಿಲ್ಲ. ಒಮ್ಮೆ ನನಗೆ ನೂರಾ ಎರಡು ಜ್ವರ. ಅತ್ತೆ ಹಣೆ ಮುಟ್ಟಿ ನೋಡಿ, “ಕೆಚ್ಚಲು ಇಳೀತಾ ಐತೆ, ಇವತ್ತೋ ನಾಳೆಯೋ,” ಎಂದರು. ನನ್ನ ಬಗ್ಗೆ ಅಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮ ಮಡಿ ಮೈಲಿಗೆಯ ಲೆಕ್ಕಾಚಾರವೂ ಈ ಕಾಲದಲ್ಲೇ ಚೆನ್ನಾಗಿ ಬಯಲಿಗೆ ಬರುತ್ತದೆ. ಹೆಂಗಸು ಹೆತ್ತರೆ ಪುರುಡು. ಹತ್ತು ದಿನ ಆ ಮನೆಯ ಕಡೆ ದೇವರೂ ನೋಡುವುದಿಲ್ಲ, ನೆಂಟರೂ ನೋಡುವುದಿಲ್ಲ. ಹಸು ಹೆತ್ತರೂ ಹಾಲು ಹತ್ತು ದಿನ ದೇವರಿಗಿಲ್ಲ. ನೆರೆಹೊರೆಯ ನಾಲಿಗೆಗೆ ಮಾತ್ರ ಮೊದಲ ದಿನವೇ ಉಂಟು! ದೇವರನ್ನು ಕಾಯಿಸಬಹುದು, ರತ್ನಮ್ಮನನ್ನು ಕಾಯಿಸುವಂತಿಲ್ಲ. ಇದನ್ನು ಮಾಡಿದವರು ಯಾರೋ ಗಿಣ್ಣಿನ ರುಚಿ ಬಲ್ಲವರೇ ಇರಬೇಕು.

ಈ ವರ್ಷ ಸಂಕ್ರಾಂತಿ ಮುಗಿದ ವಾರಕ್ಕೆ ಅತ್ತೆ ಬಚ್ಚಲ ಮನೆ ಬಾಗಿಲಲ್ಲಿ ಜಾರಿ ಬಿದ್ದರು. ಆ ಬಚ್ಚಲನ್ನು ಅಂದು ಬೆಳಿಗ್ಗೆ ತಿಕ್ಕಿ ತೊಳೆದವರು ಯಾರು ಎಂದು ಯಾರೂ ಕೇಳಲಿಲ್ಲ. ಹಾಗಾಗಿ ನಾನೂ ಹೇಳಲಿಲ್ಲ. ಕಾಲಿಗೆ ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್, ಆರು ವಾರ ನೆಲಕ್ಕೆ ಊರುವಂತಿಲ್ಲ. ನಮ್ಮ ಯಜಮಾನರೋ ಹುಳು ಮನೆ ಬಿಟ್ಟು ಆಚೆ ಬರುವ ಹಾಗಿರಲಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ ಬಿಟ್ಟೆದ್ದ ಮೇಲೆ, ಅಂದರೆ ಕಡೆಯ ಸಲ ಪೊರೆ ಕಳಚಿದ ಮೇಲೆ, ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಅಷ್ಟೂ ದಿನ ಸಾಕುವವನು ಅದರ ಆಳು. ಮಗಳು ಪಿಯುಸಿ ಓದುತ್ತ ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದಾಳೆ. ಉಳಿದವಳು ನಾನು.

ಅತ್ತೆಯನ್ನು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಜಗಲಿಯ ಮೇಲೆ ಕೊಟ್ಟಿಗೆ ಬಾಗಿಲು ಕಾಣುವ ಹಾಗೆ ಇಟ್ಟೆವು. ಬಾಗಿಲು ಕಾಣುತ್ತಿತ್ತು, ಒಳಗಡೆ ಕಾಣುತ್ತಿರಲಿಲ್ಲ. ಹದಿನೆಂಟು ವರ್ಷ ನಾನು ನಿಂತಿದ್ದ ಜಾಗಕ್ಕೆ ಈಗ ಅವರು ಬಂದು ಕೂತಿದ್ದರು. ನನಗೆ ಒಳಗೊಳಗೆ ಸ್ವಲ್ಪ ಖುಷಿಯಾಯಿತು. ಅತ್ತೆಯ ಮುಖ ನೋಡಿದ ಮೇಲೆ ಆ ಖುಷಿಗೆ ನಾಚಿಕೆಯಾಯಿತು.

ಶನಿವಾರ ಹಸು ಕರು ಹಾಕಿತು. ಅದರಲ್ಲಿ ನನ್ನ ಪಾಲೇನೂ ಇಲ್ಲ. ಪಶುವೈದ್ಯರು ಬಂದರು, ಹಸು ತನ್ನ ಪಾಡಿಗೆ ಈದಿತು, ನಾನು ಬಕೆಟ್ಟು ಹಿಡಿದು ನಿಂತಿದ್ದೆ. ಕರು ಕುಡಿದು ಮಿಕ್ಕ ಗಿಣ್ಣು ಹಾಲನ್ನು ರತ್ನಮ್ಮನಿಗೂ ಇನ್ನೆರಡು ಮನೆಗೂ ಕೊಡಲೆಂದು ಫ್ರಿಜ್ಜಿನಲ್ಲಿ ಇಟ್ಟೆ. ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಕಂದು ಮುಖದ ಕುರಿ ಮೂಲೆಗೆ ಹೋಗಿ ನೆಲ ಕೆರೆಯತೊಡಗಿತು.

ಇಲ್ಲಿ ನಮ್ಮ ಮನೆಯ ಇನ್ನೊಂದು ಧರ್ಮದ ಬಗ್ಗೆ ಹೇಳಬೇಕು. ರೇಷ್ಮೆ ಸಾಕುವವರ ಮನೆಯಲ್ಲಿ ಸ್ವಚ್ಛತೆ ಎಂದರೆ ದೊಡ್ಡ ವ್ರತ. ಹುಳು ಮನೆಗೆ ಹೋಗುವ ಮುಂಚೆ ಕಾಲನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಬೇಕು, ಕೈಯನ್ನು ಅದ್ದಬೇಕು, ಹೊರಗಿನ ಬಟ್ಟೆ ಕೂಡದು, ಊದುಬತ್ತಿ ಕೂಡದು, ಒಗ್ಗರಣೆ ಹೊಗೆಯೂ ಕೂಡದು. ನನ್ನಂಥವಳಿಗೆ ಅದು ಸ್ವರ್ಗ. ಮದುವೆಯಾದ ಮೇಲೆ ಈ ಮನೆಯಲ್ಲಿ ನನ್ನನ್ನು ಮೊದಲು ಮೆಚ್ಚಿದ್ದು ಹುಳು ಮನೆ. ಹುಳುವಿಗೆ ಯಾವುದು ಒಳ್ಳೆಯದೋ ಮರಿಗೂ ಅದೇ ಒಳ್ಳೆಯದು ಎಂದು ನನ್ನ ತಲೆ ತಾನಾಗೇ ತೀರ್ಮಾನ ಮಾಡಿತು. ಕೊಟ್ಟಿಗೆಗೆ ಹೋಗುವ ಮುಂಚೆ ಹುಳು ಮನೆ ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಮೊಣಕೈವರೆಗೂ ಅದ್ದಿಕೊಂಡೆ.

ಮೊದಲ ಮರಿ ಸಲೀಸಾಗಿ ಬಿತ್ತು. ಕುರಿ ಅದನ್ನು ನೆಕ್ಕತೊಡಗಿತು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಇನ್ನೊಂದು ಮರಿಯ ಗೊರಸು ಕಾಣಿಸಿತು. “ಅತ್ತೆ, ಅವಳಿ!” ಎಂದು ಕೂಗಿದೆ.

“ಕೂಗ್ಬೇಡ, ದೃಷ್ಟಿ ಆಗ್ತದೆ!” ಎಂದು ಅವರು ನನಗಿಂತ ಜೋರಾಗಿ ಕೂಗಿದರು.

ಎರಡನೆಯದು ಸಣ್ಣದು. ಮೈಯೆಲ್ಲ ಹಳದಿ ಲೋಳೆ. ತಾಯಿ ಮೊದಲನೆಯದನ್ನು ನೆಕ್ಕುವುದರಲ್ಲೇ ಮಗ್ನ, ಇದರ ಕಡೆ ಇನ್ನೂ ತಿರುಗಿರಲಿಲ್ಲ. ಮರಿ ನಡುಗುತ್ತಿತ್ತು. ನನ್ನ ಮಗಳು ಹುಟ್ಟಿದಾಗ ಇದೇ ಅತ್ತೆ ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಹಾಕಿಕೊಂಡು ಬಿಸಿಬಿಸಿ ನೀರು ಎರೆದಿದ್ದು ನೆನಪಾಯಿತು. ಪಕ್ಕದಲ್ಲೇ ನನ್ನ ಇಲಾಖೆಯ ಬಕೆಟ್ಟಿತ್ತು. ಮರಿಯನ್ನು ಎತ್ತಿಕೊಂಡೆ, ಸೋಪು ಹಚ್ಚಿದೆ, ಬೆಚ್ಚಗಿನ ನೀರು ಎರೆದೆ, ಒಗೆದ ಟವೆಲಿನಲ್ಲಿ ಒರೆಸಿದೆ. ಹತ್ತಿಯ ಹಾಗೆ ಬೆಳ್ಳಗಾಯಿತು. ಜಾಹೀರಾತಿಗೆ ಕೊಡಬಹುದಾಗಿತ್ತು.

ತಂದು ತಾಯಿಯ ಮುಂದೆ ಇಟ್ಟೆ. ಕುರಿ ಮೂಸಿ ನೋಡಿತು. ಒಂದು ಸಲ ಸೀನಿತು. ಆಮೇಲೆ ತಲೆ ತಗ್ಗಿಸಿ ಒಂದು ಗುಮ್ಮು ಕೊಟ್ಟಿತು ನೋಡಿ, ಮರಿ ಉರುಳಿಕೊಂಡು ಬಂದು ನನ್ನ ಕಾಲಿಗೆ ಬಡಿಯಿತು. ಮತ್ತೆ ಇಟ್ಟೆ, ಮತ್ತೆ ಗುಮ್ಮಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣಕ್ಕೆ ಸ್ನಾನ ಮಾಡಿಸಿದ ಮೇಲೂ ಮುದ್ದೇ ಎಂದು ಯಾರೂ ಹೇಳಿಲ್ಲ.

ಕುರಿ ತನ್ನ ಮರಿಯನ್ನು ಕಣ್ಣಿನಿಂದ ಗುರುತಿಸುವುದಕ್ಕಿಂತ ಮುಂಚೆ ಮೂಗಿನಿಂದ ಗುರುತಿಸುತ್ತದೆ. ಹೆತ್ತ ಮೇಲಿನ ಒಂದೆರಡು ಗಂಟೆಯಲ್ಲಿ ನೆಕ್ಕುತ್ತ ನೆಕ್ಕುತ್ತ ಆ ವಾಸನೆಯನ್ನು ಮನಸ್ಸಿಗೆ ಬರೆದುಕೊಳ್ಳುತ್ತದೆ. ಬರೆದುಕೊಳ್ಳದ ಮರಿ ಅದಕ್ಕೆ ಬೇರೆ ಯಾರದೋ ಮರಿ. ಇದೆಲ್ಲ ನನಗೆ ಗೊತ್ತಿತ್ತು. ಜ್ಞಾನೇಂದ್ರಿಯಗಳ ಪಾಠದಲ್ಲಿ ಕುರಿಯದೇ ಉದಾಹರಣೆ ಕೊಟ್ಟು ಮಕ್ಕಳಿಂದ ಹೇಳಿಸಿದ್ದೇನೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯಲ್ಲಿ ನನ್ನ ಹತ್ತಿರ ಇದ್ದದ್ದು ಆ ಒಕ್ಕಾಲು ಮಾತ್ರ.

ಅತ್ತೆಗೆ ಕೂಡಲೇ ಹೇಳಲಿಲ್ಲ. ಎರಡು ಗಂಟೆ ಮುಚ್ಚಿಟ್ಟೆ. ಕುರಿ ಮನಸ್ಸು ಬದಲಾಯಿಸೀತು ಎಂಬ ಆಸೆ. ಅಷ್ಟರಲ್ಲಿ ಕಸ ಬಿತ್ತು, ಅಂದರೆ ಮರಿಯ ಹಿಂದೆ ಬೀಳುವ ಮಾಸು. ಅದನ್ನು ಶಿಸ್ತಾಗಿ ಗುಂಡಿ ತೋಡಿ ಹೂತೆ. ಜಗಲಿಯಿಂದ ದನಿ ಬಂತು:

“ಯಾಕಮ್ಮ, ಒಂದು ಮರಿ ಅರಚ್ತಾನೇ ಐತೆ?”

“ಹಾಲು ಕುಡಿಸ್ತಿಲ್ಲ ಅತ್ತೆ. ಗುಮ್ಮುತ್ತೆ.”

“ಯಾಕೆ ಗುಮ್ಮುತ್ತೆ? ಏನ್ ಮಾಡ್ದೆ?”

“ತೊಳೆದೆ.”

“ಏನನ್ನ?”

“ಮರೀನ.”

ಹುಳು ಮನೆಯಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ನಾಲ್ಕು ಮಾರು ದೂರದ ನನಗೂ ಕೇಳಿಸಿತು.

“ಆವತ್ತು ಚೊಂಬು ತೊಳ್ದೆ, ಹೋಗ್ಲಿ ಅಂದ್ಕಂಡೆ. ಮರೀನೂ ತೊಳ್ದಾ?” ಎಂದರು ಅತ್ತೆ. ಆಮೇಲೆ, “ಕಸ ಎಲ್ಲೈತೆ? ಅದನ್ನ ತಂದು ಮರಿ ಮೈಗೆಲ್ಲ ಸವರು, ವಾಸ್ನೆ ಹತ್ತುತ್ತೆ.”

“ಹೂತ್ಬಿಟ್ಟೆ.”

“ತೆಗಿ.”

“ಮೇಲೆ ಬ್ಲೀಚಿಂಗ್ ಪೌಡರ್ ಹಾಕ್ಬಿಟ್ಟಿದ್ದೀನಿ ಅತ್ತೆ.”

ಅತ್ತೆ ಹಣೆ ಹಣೆ ಚಚ್ಚಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಬೆಲ್ಲದ ನೀರು ಮಾಡಿ ಮರಿಯ ಬೆನ್ನಿಗೆ ಸವರಲು ಹೇಳಿದರು. ಸವರಿದೆ. ಕುರಿ ಬೆಲ್ಲವನ್ನು ಒಂದು ತೊಟ್ಟೂ ಬಿಡದೆ ನೆಕ್ಕಿ, ಬೆಲ್ಲ ಮುಗಿದ ಮೇಲೆ ಮರಿಯನ್ನು ಗುಮ್ಮಿತು.

ಮರಿಯ ಹೊಟ್ಟೆಗೆ ಮೊದಲ ದಿನದ ಹಾಲು ಬೀಳದಿದ್ದರೆ ಅದು ಉಳಿಯುವುದಿಲ್ಲ. ಕೊನೆಗೆ ಫ್ರಿಜ್ಜಿನಲ್ಲಿಟ್ಟಿದ್ದ ಹಸುವಿನ ಗಿಣ್ಣು ಹಾಲನ್ನೇ ಬೆಚ್ಚಗೆ ಮಾಡಿ ಬಾಟಲಿಗೆ ಹಾಕಿ ಕುಡಿಸಿದೆ. ಚೀಪಿತು. ಸಂಜೆ ರತ್ನಮ್ಮ ತನ್ನ ಪಾಲು ಕೇಳಿಕೊಂಡು ಬಂದವಳು ಖಾಲಿ ಪಾತ್ರೆ ನೋಡಿ, “ಅಯ್ಯೋ ದೇವುಡಾ, ಜುನ್ನಂತಾ ಗೊರ್ರೆಪಿಲ್ಲ ತಾಗೇಸಿಂದಾ!” ಎಂದು ಬಾಯಿ ಮೇಲೆ ಕೈಯಿಟ್ಟಳು. ನಮ್ಮ ರತ್ನಮ್ಮನಿಗೆ ಆಶ್ಚರ್ಯವಾದರೆ ತೆಲುಗು, ಕೋಪ ಬಂದರೆ ಕನ್ನಡ. ಗಿಣ್ಣೆಲ್ಲ ಕುರಿಮರಿ ಪಾಲಾದದ್ದಕ್ಕೆ ಆಕೆಗೆ ಕೋಪ ಬರಲಿಲ್ಲ. ನನ್ನ ಅಳುಮುಖ ನೋಡಿ ಜಗಲಿಯಲ್ಲೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಹಳೆಯ ಚೊಂಬಿನ ಕಥೆಯನ್ನು ನಾನೇ ಎತ್ತಿದಾಗ ನಕ್ಕುಬಿಟ್ಟಳು. “ಆ ಹಸೂನಾ? ಅದು ಅದರ ಹಿಂದಿನ್ ಸೂಲಿಗೇ ಕಮ್ಮಿ ಮಾಡಿತ್ತು ಕಣಮ್ಮ. ಮುದಿ ಹಸು. ನಿಮ್ಮತ್ತೆಗೆ ಗೊತ್ತಲ್ಲ!” ಎಂದಳು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಆಕಾಶ ನೋಡುತ್ತಿದ್ದರು, ಮಳೆ ಬರುವ ಸೂಚನೆಯೇನೂ ಇಲ್ಲದಿದ್ದರೂ.

ಮಾರನೆಯ ದಿನದಿಂದ ನನಗೆ ಎರಡನೆಯ ಶಿಕ್ಷೆ ಜಾರಿಯಾಯಿತು. ಮರಿ ತಾಯಿಯ ಜೊತೆ ಸೇರುವವರೆಗೂ ನಾನು ಸೋಪು ಮುಟ್ಟುವಂತಿಲ್ಲ. ಬ್ಲೀಚಿಂಗ್ ನೀರಿನ ಹತ್ತಿರ ಸುಳಿಯುವಂತಿಲ್ಲ. ಉಟ್ಟ ಹಳೆ ಸೀರೆಯಲ್ಲೇ ಕೊಟ್ಟಿಗೆಗೆ ಹೋಗಬೇಕು. ದಿನಕ್ಕೆ ಐದು ಸಲ ಕುರಿಯನ್ನು ಗೂಟಕ್ಕೆ ಗಿಡ್ಡವಾಗಿ ಕಟ್ಟಿ, ಅದರ ಹಿಂಗಾಲು ಹಿಡಿದು, ಮರಿಯ ಬಾಯನ್ನು ಮೊಲೆಗೆ ಇಡಬೇಕು. ಸ್ಕೂಲಿಗೆ ಹೋಗುವ ಮುಂಚೆ ಎರಡು ಸಲ, ಬಂದ ಮೇಲೆ ಮೂರು ಸಲ. ಮಧ್ಯಾಹ್ನ ರತ್ನಮ್ಮ ಬಂದು ಬಾಟಲಿ ಹಿಡಿಯುತ್ತಿದ್ದಳು. ಮೈಗೆ ಬರೀ ನೀರು ಸುರಿದುಕೊಂಡು ಹೋಗುತ್ತಿದ್ದ ನನ್ನಿಂದ ಸ್ಟಾಫ್ ರೂಮಿನಲ್ಲಿ ಮೊದಲ ದಿನ ಒಂದು ಕುರ್ಚಿ ದೂರ ಸರಿಯಿತು, ಎರಡನೆಯ ದಿನ ಮೂರು. ಪಾಠದ ಮಧ್ಯೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಕುರಿ ಸಾಕಿದ್ದೀರಾ?” ಎಂದು ಕೇಳಿದಳು. ಅವಳ ಜ್ಞಾನೇಂದ್ರಿಯಗಳಿಗೆ ನೂರಕ್ಕೆ ನೂರು ಕೊಡಬೇಕು.

ಒಂದು ವಿಷಯ ಮಾತ್ರ ತಮಾಷೆಯಾಗಿರಲಿಲ್ಲ. ಬುಧವಾರ ಬೆಳಿಗ್ಗೆ ಮರಿ ಅರಚುವುದನ್ನು ನಿಲ್ಲಿಸಿತು. ಮೂಲೆಯಲ್ಲಿ ಕಾಲು ಮಡಿಸಿ ಕೂತು, ಅಣ್ಣ ಹಾಲು ಕುಡಿಯುವುದನ್ನು ನೋಡುತ್ತಿತ್ತು. ಬಾಟಲಿ ಕೊಟ್ಟರೆ ಎರಡು ಗುಟುಕು ಕುಡಿದು ಮುಖ ತಿರುಗಿಸಿತು. ಹಸಿದ ಮರಿ ಅರಚುವಾಗ ಅಷ್ಟು ಭಯವಾಗುವುದಿಲ್ಲ, ಸುಮ್ಮನಾದಾಗ ಆಗುತ್ತದೆ. ಒಳ್ಳೆಯದು ಮಾಡುತ್ತೇನೆಂದು ಹೋಗಿ ಒಂದು ಜೀವಕ್ಕೆ ತಾಯಿಯಿಲ್ಲದಂತೆ ಮಾಡಿದೆನಲ್ಲ ಎಂದು ಕೊಟ್ಟಿಗೆಯಲ್ಲೇ ಕೂತು ಅತ್ತುಬಿಟ್ಟೆ. ಬೇರೆ ಮನೆಯ ವಾಸನೆ ಹೊತ್ತು ಒಂದು ಮನೆಗೆ ಬಂದು ನಿಂತವರ ಪಾಡು ನನಗೆ ಗೊತ್ತಿಲ್ಲದ್ದಲ್ಲ.

ಗುರುವಾರ ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಅತ್ತೆಯ ಕುರ್ಚಿ ಜಗಲಿಯ ಮೇಲಿರಲಿಲ್ಲ. ನಮ್ಮ ಯಜಮಾನರನ್ನು ಹುಳು ಮನೆಯಿಂದ ಹೊರಡಿಸಿ, ಕುರ್ಚಿ ಸಮೇತ ತಮ್ಮನ್ನು ಹೊರಿಸಿಕೊಂಡು ಕೊಟ್ಟಿಗೆ ಬಾಗಿಲಿಗೆ ಬಂದು ಕೂತಿದ್ದರು.

“ನಾಯಿ ತರ್ಸು,” ಎಂದರು.

ಹಳೆಯ ಕುರಿ ಸಾಕುವವರ ಉಪಾಯವಂತೆ. ತಾಯಿಗೆ ಮಮತೆ ಮರೆತಿದ್ದರೆ ಭಯ ಹುಟ್ಟಿಸಬೇಕು. ನಾಯಿ ಕಂಡರೆ ಕುರಿ ಮರಿಗಳನ್ನು ಕಾಯಲು ನಿಲ್ಲುತ್ತದೆ. ಆ ಗಾಬರಿಯಲ್ಲಿ ಯಾವುದು ತನ್ನದು, ಯಾವುದು ಅಲ್ಲ ಎಂದು ಲೆಕ್ಕ ಹಾಕುವುದಿಲ್ಲ. ನಮ್ಮ ಮನೆಯ ನಾಯಿಯನ್ನು ತಂದೆ. ಅದು ಬಾಲ ಅಲ್ಲಾಡಿಸುತ್ತ ಒಳಗೆ ಬಂದು, ಕುರಿಯ ಪಕ್ಕದಲ್ಲೇ ಸುತ್ತಿಕೊಂಡು ಮಲಗಿತು. ಐದು ವರ್ಷದಿಂದ ಅಲ್ಲೇ ಮಲಗುತ್ತಿದ್ದದ್ದು. ಕುರಿ ತಿರುಗಿಯೂ ನೋಡಲಿಲ್ಲ.

“ಇದು ನಾಯಿ ಅಲ್ಲ, ನೆಂಟ,” ಎಂದರು ಅತ್ತೆ. “ರತ್ನಮ್ಮನದನ್ನ ತಗಂಬಾ.”

ರತ್ನಮ್ಮನ ನಾಯಿ ಪೋಸ್ಟ್‌ಮ್ಯಾನಿನಿಂದ ಹಿಡಿದು ಹುಣ್ಣಿಮೆ ಚಂದ್ರನವರೆಗೆ ಎಲ್ಲರಿಗೂ ಬೊಗಳುವಂಥದ್ದು. ಹಳೆ ಸೀರೆಯ ತುಂಡು ಕಟ್ಟಿ ರತ್ನಮ್ಮ ಅದನ್ನು ಎಳೆದು ತಂದಳು. ನಾನು ಕುರಿಯ ಹಗ್ಗ ಬಿಚ್ಚಿದೆ. ಎರಡು ಮರಿಗಳನ್ನೂ ಅದರ ಕಾಲ ಬಳಿ ಬಿಟ್ಟೆ. ಸಣ್ಣದು ಎದ್ದು ನಿಲ್ಲಲೂ ಆಗದೆ ವಾಲಾಡುತ್ತಿತ್ತು. ನಾಯಿ ಬಾಗಿಲಲ್ಲಿ ನಿಂತು ಬೊಗಳಿತು.

ಕುರಿ ಕಾಲು ಅಪ್ಪಳಿಸಿತು. ಮತ್ತೊಮ್ಮೆ ಅಪ್ಪಳಿಸಿತು. ತಲೆ ತಗ್ಗಿಸಿ ಎರಡು ಹೆಜ್ಜೆ ಮುಂದೆ ಬಂದು, ಮರಿಗಳಿಗೂ ನಾಯಿಗೂ ನಡುವೆ ನಿಂತಿತು. ನಾಲ್ಕು ದಿನದಿಂದ ಗುಮ್ಮುತ್ತಿದ್ದ ಆ ತಲೆ ಈಗ ಬೇರೆ ಕಡೆಗೆ ತಿರುಗಿತ್ತು. “ಸಾಕು, ಎಳ್ಕೋ,” ಎಂದರು ಅತ್ತೆ. ರತ್ನಮ್ಮ ನಾಯಿಯನ್ನು ಎಳೆದುಕೊಂಡು ಹೋದಳು. ಕುರಿ ಹಿಂದೆ ತಿರುಗಿ ದೊಡ್ಡದನ್ನು ಮೂಸಿತು. ಆಮೇಲೆ ಸಣ್ಣದನ್ನು ಮೂಸಿತು, ಬಾಲದ ಬುಡದಲ್ಲಿ, ಬಹಳ ಹೊತ್ತು. ಮರಿ ಧೈರ್ಯ ಮಾಡಿ ಕೆಚ್ಚಲ ಕೆಳಗೆ ತಲೆ ತೂರಿಸಿತು. ಕುರಿ ಗುಮ್ಮಲಿಲ್ಲ. ಸುಮ್ಮನೆ ನಿಂತು ಮೆಲುಕು ಹಾಕತೊಡಗಿತು, ಇಷ್ಟು ದಿನ ನಡೆದದ್ದಕ್ಕೂ ತನಗೂ ಏನೂ ಸಂಬಂಧವಿಲ್ಲ ಎಂಬ ಹಾಗೆ. ಮರಿಯ ಬಾಲ ಪಟಪಟ ಅಲ್ಲಾಡುತ್ತಿತ್ತು.

ನಾನು ಅತ್ತೆಯ ಕಡೆ ತಿರುಗಿದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಶಹಬ್ಬಾಸ್ ಎನ್ನುವುದು ಅವರ ಬಾಯಲ್ಲಿ ಬರುವ ಮಾತಲ್ಲ. ಮೂಲೆಯಲ್ಲಿದ್ದ ಇನ್ನೊಂದು ಕುರಿಯ ಕೆಚ್ಚಲನ್ನು ಅಲ್ಲಿಂದಲೇ ದಿಟ್ಟಿಸಿ ನೋಡಿದರು.

“ಅದು ಬರೋ ಬುಧವಾರ ಈಯುತ್ತೆ. ಸ್ಕೂಲಿಗೆ ರಜಾ ಹಾಕು,” ಎಂದರು.

“ಬಿಸಿನೀರು ಕಾಯಿಸ್ಲಾ ಅತ್ತೆ?”

“ನೀರು ಯಾರಾದ್ರೂ ಕಾಯಿಸ್ತಾರೆ. ನೀನು ಒಳಗಿರು.”

ಮಾರನೆಯ ದಿನ ರಜಾ ಅರ್ಜಿ ಬರೆದೆ. ಕಾರಣ ಎಂಬಲ್ಲಿ ಏನು ಬರೆಯುವುದೆಂದು ತೋಚದೆ ‘ಮನೆಯಲ್ಲಿ ಬಾಣಂತನ’ ಎಂದು ಬರೆದೆ. ಹೆಡ್‌ಮಾಸ್ಟರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. “ಮೇಡಂ, ನಿಮ್ಮ ಮಗಳು ಇನ್ನೂ ಪಿಯುಸಿ ಅಲ್ವಾ?” ಎಂದು ಗಾಬರಿಯಿಂದ ಕೇಳಿದರು.

“ಅವಳಿಗಲ್ಲ ಸಾರ್, ಕುರಿಗೆ. ನಮ್ಮತ್ತೆ ನನ್ನನ್ನ ಒಳಗೆ ಇರು ಅಂದಿದ್ದಾರೆ,” ಎಂದೆ. ಇಷ್ಟಕ್ಕೆ ಈ ಹೆಂಗಸು ಯಾಕೆ ಕಣ್ಣು ತುಂಬಿಕೊಳ್ಳುತ್ತಿದ್ದಾಳೆ ಎಂದು ಅವರಿಗೆ ತಿಳಿಯಲಿಲ್ಲ. ಒಂದು ದಿನ ಕೇಳಿದ್ದೆ; ಎರಡು ದಿನ ಬರೆದು ಸಹಿ ಹಾಕಿದರು.